ಉಯಿಲಿನಲ್ಲಿ ಒಂದು ಪಾಲು ಹುಡುಗಿಯರ ಓದಿಗೆ: ಹೇಗೆ ಬರೆಯಬೇಕು?

ನಿವೃತ್ತ ಶಿಕ್ಷಕಿ, ಸಾಗರ

ಎಲ್ಲರಿಗೂ ನಮಸ್ಕಾರ.

ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ವಯಸ್ಸು 68. ಪತಿ ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಿಲ್ಲ. ಸಾಗರದಲ್ಲಿ ನನ್ನ ಸಂಬಳದಿಂದ, ಬ್ಯಾಂಕಿನ ಸಾಲದಿಂದ ಕಟ್ಟಿಸಿದ ಒಂದು ಮನೆ ಇದೆ. ಖಾತೆ ನನ್ನ ಹೆಸರಿನಲ್ಲೇ ಇದೆ. ಎರಡು ಬ್ಯಾಂಕುಗಳಲ್ಲಿ ಠೇವಣಿ, ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ ಸ್ವಲ್ಪ ಹಣ, ಅಮ್ಮನ ಅವಲಕ್ಕಿ ಸರ, ಎರಡು ಜೊತೆ ಬಳೆ, ತವರಿನಿಂದ ಪಾಲಾಗಿ ಬಂದ ಅರ್ಧ ಎಕರೆ ಅಡಿಕೆ ತೋಟ. ಇಷ್ಟೇ ನನ್ನ ಆಸ್ತಿ.

ತೋಟದ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಅದನ್ನು ನೋಡಿಕೊಳ್ಳುತ್ತಿರುವವನು ಅಣ್ಣನ ಮಗ. ಔಷಧಿ ಹೊಡೆಸುವುದು, ಕೊನೆ ತೆಗೆಸುವುದು ಎಲ್ಲವೂ ಅವನದೇ. ತೋಟ ಅವನಿಗೇ ಹೋಗಬೇಕು. ಒಡವೆ ಅವನ ತಂಗಿಗೆ. ನನಗೆ ಜ್ವರ ಬಂದರೆ ಶಿವಮೊಗ್ಗದಿಂದ ಬಸ್ ಹತ್ತಿ ಬರುವವಳು ಅವಳು. ಉಳಿದ ಮನೆ ಮತ್ತು ಠೇವಣಿ ಹುಡುಗಿಯರ ಓದಿಗೆ ಹೋಗಬೇಕೆಂಬುದು ನನ್ನ ಆಸೆ.

ಯಾವ ಹುಡುಗಿಯರು ಎಂದು ಹೇಳಬೇಕು. ನನ್ನ ನೌಕರಿಯ ಹೆಚ್ಚಿನ ಕಾಲ ಶರಾವತಿ ಹಿನ್ನೀರಿನ ಆಚೆಗಿನ ಹಳ್ಳಿಗಳ ಮಕ್ಕಳ ಜೊತೆ ಕಳೆಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಗದ್ದೆ, ತೋಟ ಮುಳುಗಿ ಮೇಲಿನ ಗುಡ್ಡಗಳಿಗೆ ಹೋದವರ ಮೊಮ್ಮಕ್ಕಳು ಅವರು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅವರ ಅಂಗಳದ ಮುಂದೆಯೇ ನಿಂತಿತ್ತು. ಆದರೆ ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮುಂದೆ ವಿಜ್ಞಾನ ಓದಬೇಕೆಂದರೆ ಲಾಂಚಿನಲ್ಲಿ ಹಿನ್ನೀರು ದಾಟಿ ಸಾಗರಕ್ಕೆ ಬಂದು ಹಾಸ್ಟೆಲ್ ಹುಡುಕಬೇಕಿತ್ತು. ಬೀಜಗಣಿತದಲ್ಲಿ ನನಗಿಂತ ಚುರುಕಾಗಿದ್ದ ಹುಡುಗಿಯರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದುಕೊಂಡು ಹೋದವರು ಮತ್ತೆ ಕಂಡದ್ದು ಮದುವೆಯ ಕಾಗದ ಹಿಡಿದುಕೊಂಡು. ಮನೆಯವರನ್ನು ನಾನು ದೂರುವುದಿಲ್ಲ. ಪ್ರವೇಶ ಶುಲ್ಕ, ಹಾಸ್ಟೆಲ್, ಪುಸ್ತಕ ಎಂದು ಒಂದೇ ತಿಂಗಳಲ್ಲಿ ಬಂದು ನಿಲ್ಲುವ ಖರ್ಚು ಅವರ ಕೈಯಲ್ಲಿ ಇರುತ್ತಿರಲಿಲ್ಲ, ಅಷ್ಟೇ. ಜೂನ್ ತಿಂಗಳ ಆ ಖರ್ಚನ್ನು ಯಾರಾದರೂ ಹೊತ್ತುಕೊಂಡಿದ್ದರೆ ಎಷ್ಟು ಜನ ಓದುತ್ತಿದ್ದರು ಎಂಬ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ.

ನನ್ನ ಪ್ರಶ್ನೆಗಳು ಹೀಗಿವೆ. ಉಯಿಲಿನಲ್ಲಿ ಶಾಲೆಯ ಹೆಸರನ್ನೇ ಬರೆಯಬಹುದೇ? ನನ್ನ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡುವುದು ಒಳ್ಳೆಯದೇ? ಮನೆಯನ್ನು ಮನೆಯಾಗಿಯೇ ಕೊಡಬೇಕೇ, ಮಾರಿ ಹಣ ಕೊಡಿ ಎಂದು ಬರೆಯಬೇಕೇ? ಪತಿಯ ಅಣ್ಣತಮ್ಮಂದಿರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಳ್ಳೆಯವರೇ, ಆದರೆ ಹೋಗಿ ಬರುವ ಬಳಕೆ ಇಲ್ಲ. ಮುಂದೆ ಅವರು ಹಕ್ಕು ಕೇಳಬಹುದೇ? ಇನ್ನೊಂದು ಮಾತು: ನನ್ನ ಕಣ್ಣುಗಳನ್ನೂ ದಾನ ಮಾಡಬೇಕೆಂದಿದ್ದೇನೆ. ಅದನ್ನೂ ಉಯಿಲಿನಲ್ಲೇ ಬರೆದರೆ ಸಾಕೇ?

ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ಉದ್ದವಾದರೂ ಓದುತ್ತೇನೆ.

ಸಿವಿಲ್ ವಕೀಲ, ಹುಬ್ಬಳ್ಳಿ

ಅಕ್ಕನವರಿಗೆ ನಮಸ್ಕಾರ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಸಮಯದ ಮಿತಿ ಇದೆ. ಕಣ್ಣುಗಳನ್ನು ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಉಯಿಲನ್ನು ಮನೆಯವರು ತೆರೆದು ಓದುವುದು ಕಾರ್ಯವೆಲ್ಲ ಮುಗಿದ ಮೇಲೆ. ಆದ್ದರಿಂದ ಹತ್ತಿರದ ನೇತ್ರ ಬ್ಯಾಂಕಿನಲ್ಲಿ ಈಗಲೇ ಹೆಸರು ಬರೆಸಿ, ಅವರ ದೂರವಾಣಿ ಸಂಖ್ಯೆಯನ್ನು ನಿಮ್ಮ ಅಣ್ಣನ ಮಗಳ ಮೊಬೈಲಿನಲ್ಲಿ ಹಾಕಿಸಿ. ಆ ಹೊತ್ತಿನಲ್ಲಿ ಕರೆ ಮಾಡಬೇಕಾದವರು ಮನೆಯವರೇ. ವಯಸ್ಸಾಗಿದೆ, ಕನ್ನಡಕವಿದೆ, ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ ಎಂಬುದು ಅಡ್ಡಿಯಲ್ಲ.

ಇನ್ನು ಪತಿಯ ಕಡೆಯವರ ವಿಷಯ. ಇದನ್ನು ನಿಮ್ಮಂಥ ಎಲ್ಲ ಹೆಣ್ಣುಮಕ್ಕಳೂ ತಿಳಿದಿರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಹಿಂದೂ ಹೆಣ್ಣುಮಗಳಿಗೆ ಗಂಡ, ಮಕ್ಕಳು, ಮೊದಲೇ ತೀರಿಕೊಂಡ ಮಕ್ಕಳ ಮಕ್ಕಳು ಯಾರೂ ಇಲ್ಲದಿದ್ದರೆ, ಅವಳು ದುಡಿದು ಗಳಿಸಿದ ಆಸ್ತಿ ಹೋಗುವುದು ಗಂಡನ ವಾರಸುದಾರರಿಗೆ. ತಂದೆತಾಯಿಯಿಂದ ಬಂದದ್ದು ಮಾತ್ರ ತಂದೆಯ ವಾರಸುದಾರರಿಗೆ ಮರಳುತ್ತದೆ. ಅಂದರೆ ನೀವು ಏನೂ ಬರೆಯದಿದ್ದರೆ ತೋಟ ತವರಿಗೆ ಹೋಗುತ್ತದೆ. ನಿಮ್ಮ ಸಂಬಳದಲ್ಲಿ ಎದ್ದ ಮನೆ, ಠೇವಣಿ ಪೂರ್ತಿ ಬೆಂಗಳೂರಿನವರಿಗೆ ಹೋಗುತ್ತದೆ.

ಇದು ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2009ರ ಓಂಪ್ರಕಾಶ್–ರಾಧಾಚರಣ್ ತೀರ್ಪು ಸಾಕು. ನಾರಾಯಣಿ ದೇವಿ ಎಂಬುವವರು ಮದುವೆಯಾದ ಮೂರು ತಿಂಗಳಲ್ಲೇ ಹಾವು ಕಚ್ಚಿ ಗಂಡನನ್ನು ಕಳೆದುಕೊಂಡರು. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ನೌಕರಿ ಸಿಕ್ಕಿತು, ಜೀವನವಿಡೀ ದುಡಿದು ಉಳಿಸಿದರು. ಉಯಿಲು ಬರೆಯಲಿಲ್ಲ. ಕಾಯ್ದೆ ಇರುವಂತೆಯೇ ಓದಬೇಕು ಎಂದು ಕೋರ್ಟು ಆ ಹಣವನ್ನು ಗಂಡನ ಕಡೆಯ ವಾರಸುದಾರರಿಗೇ ಕೊಟ್ಟಿತು. 2025ರ ನವೆಂಬರಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇಂಥ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳು ಕೂಡಲೇ ಉಯಿಲು ಮಾಡಬೇಕೆಂದು ಕೇಳಿಕೊಂಡಿದ್ದೂ ಇದೇ ಕಾರಣಕ್ಕೆ. ನೀವು ಉಯಿಲು ಮಾಡಿದರೆ 15ನೇ ಕಲಮಿಗೆ ಕೆಲಸವೇ ಇರುವುದಿಲ್ಲ. ನಿಮ್ಮ ಸ್ವಂತ ಆಸ್ತಿ, ನಿಮ್ಮ ಇಷ್ಟ.

ಬರೆಯುವ ರೀತಿ ಸರಳವಾದದ್ದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ಕನ್ನಡದಲ್ಲಿ ಕೈಬರಹವಾದರೂ ನಡೆಯುತ್ತದೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಇಷ್ಟು: ನೀವು ಸಹಿ ಹಾಕಬೇಕು, ನೀವು ಸಹಿ ಹಾಕಿದ್ದನ್ನು ಕಂಡ, ಅಥವಾ ಅದು ನಿಮ್ಮ ಸಹಿಯೆಂದು ನಿಮ್ಮ ಬಾಯಿಂದಲೇ ಕೇಳಿದ ಇಬ್ಬರು ಸಾಕ್ಷಿಗಳು ನಿಮ್ಮ ಎದುರಿನಲ್ಲಿ ಸಹಿ ಹಾಕಬೇಕು. ಸಾಕ್ಷಿಗಳು ನಿಮಗಿಂತ ಕಿರಿಯರಾಗಿರಲಿ, ಊರಿನಲ್ಲೇ ಇರುವವರಾಗಿರಲಿ. ಉಯಿಲನ್ನು ಯಾರಾದರೂ ಪ್ರಶ್ನಿಸಿದ ದಿನ ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕಾಗುತ್ತದೆ, ನೋಂದಾಯಿಸಿದ ಉಯಿಲಾದರೂ ಅಷ್ಟೇ. ಉಯಿಲಿನಿಂದ ಲಾಭ ಪಡೆಯುವ ಯಾರನ್ನೂ ಸಾಕ್ಷಿ ಮಾಡಬೇಡಿ. ಮುಖ್ಯವಾಗಿ, ನನ್ನ ಬಳಿಗೋ ಬೇರೆ ವಕೀಲರ ಬಳಿಗೋ ನೀವೇ ಹೋಗಿ. ಅಣ್ಣನ ಮಗ ಕರೆದುಕೊಂಡು ಹೋಗುವುದು ಬೇಡ. ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 1958ರಲ್ಲಿ ತೀರ್ಮಾನವಾದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಮೊಕದ್ದಮೆಯನ್ನು ಇಂದಿಗೂ ದೇಶದ ಎಲ್ಲ ಕೋರ್ಟುಗಳಲ್ಲಿ ಓದುತ್ತಾರೆ. ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದರೆ ಅಲ್ಲಿ ಅನುಮಾನ ಹುಟ್ಟುತ್ತದೆ, ಅದನ್ನು ಪರಿಹರಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ ಎಂಬುದು ಅದರ ಸಾರ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟಾಂಪ್ ಶುಲ್ಕವಿಲ್ಲ, ನೋಂದಣಿ ಶುಲ್ಕ ಅಲ್ಪ. ಮನಸ್ಸು ಬದಲಾದರೆ ಇನ್ನೊಂದು ಉಯಿಲು ಬರೆಯಬಹುದು, ಕೊನೆಯದೇ ಊರ್ಜಿತ.

ಈಗ ದಾನದ ಭಾಗ. ‘ಧರ್ಮಕಾರ್ಯಕ್ಕೆ’, ‘ಬಡ ಮಕ್ಕಳಿಗೆ’ ಎಂದು ಬರೆದು ಬಿಡಬೇಡಿ. 1899ರಲ್ಲೇ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್, ‘ಧರಮ್‌’ಗೆ ಎಂದು ಬರೆದಿದ್ದ ಉಯಿಲಿನ ಆ ಭಾಗ ಅಸ್ಪಷ್ಟ, ಆದ್ದರಿಂದ ಊರ್ಜಿತವಲ್ಲ ಎಂದು ತೀರ್ಪು ಕೊಟ್ಟಿತು. ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಪ್ಯಾನ್ ಸಂಖ್ಯೆ ಬರೆಯಿರಿ. ಆ ಸಂಸ್ಥೆ ಆ ಹೊತ್ತಿಗೆ ಇಲ್ಲದಿದ್ದರೆ, ಅಥವಾ ಒಪ್ಪದಿದ್ದರೆ, ಎರಡನೆಯದು ಯಾವುದು ಎಂದೂ ಬರೆಯಿರಿ. ಸರ್ಕಾರಿ ಶಾಲೆಗೆ ಎಂದು ನೇರವಾಗಿ ಬರೆಯುವುದು ಸೂಕ್ತವಲ್ಲ. ಕಾನೂನಿನ ಕಣ್ಣಿಗೆ ಶಾಲೆಗೆ ಸ್ವಂತ ಅಸ್ತಿತ್ವವಿಲ್ಲ, ಅದು ಇಲಾಖೆಯದು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಪಕ್ಕದ ಶಾಲೆಯೊಂದಿಗೆ ವಿಲೀನವಾಗಲೂಬಹುದು.

ಮನೆಯನ್ನು ಮಾರುವ ಅಧಿಕಾರವನ್ನು ನಿರ್ವಾಹಕರಿಗೆ, ಅಂದರೆ ನಿಮ್ಮ ನಂತರ ಉಯಿಲನ್ನು ಜಾರಿಗೆ ತರಲು ನೀವು ಹೆಸರಿಸುವವರಿಗೆ, ಸ್ಪಷ್ಟವಾಗಿ ಕೊಡಿ. ಸಂಸ್ಥೆಯ ಕೈಗೆ ದೂರದ ಊರಿನ ಮನೆ ಹೋದರೆ ಅದು ಬಾಡಿಗೆದಾರರ ಜೊತೆಗಿನ ವ್ಯಾಜ್ಯವಾಗುತ್ತದೆಯೇ ಹೊರತು ಯಾವ ಹುಡುಗಿಯ ಶುಲ್ಕವೂ ಆಗುವುದಿಲ್ಲ. ‘ಮೇಲೆ ಹೇಳದೆ ಉಳಿದ ನನ್ನ ಎಲ್ಲ ಆಸ್ತಿ’ ಯಾರಿಗೆ ಎಂಬ ಸಾಲನ್ನು ಮರೆಯಬೇಡಿ. ಪಿಂಚಣಿಯ ಬಾಕಿ, ಬಡ್ಡಿ, ಹೊಸದಾಗಿ ತೆಗೆದ ಖಾತೆ ಎಲ್ಲವೂ ಆ ಸಾಲಿಗೆ ಬರುತ್ತವೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಟೀಚರ್, ವಕೀಲರು ಕಾನೂನು ಹೇಳಿದ್ದಾರೆ. ನಾನು ಹಣದ ಕಡೆಯಿಂದ ಹೇಳುತ್ತೇನೆ. ನಿವೃತ್ತಿಯ ನಂತರ ಒಂದು ವಿದ್ಯಾಸಂಸ್ಥೆಯ ದತ್ತಿನಿಧಿಗಳ ಲೆಕ್ಕ ನೋಡುತ್ತಿದ್ದೇನೆ.

ಮೊದಲು ನಾಮನಿರ್ದೇಶನ. ನಿಮ್ಮ ಠೇವಣಿಗಳಿಗೆ ಈಗ ನಾಮಿನಿ ಯಾರು ಎಂದು ಪಾಸ್‌ಪುಸ್ತಕ ತೆಗೆದು ನೋಡಿ. ಅನೇಕರ ಖಾತೆಯಲ್ಲಿ ತೀರಿಕೊಂಡ ಪತಿಯ ಹೆಸರೇ ಇರುತ್ತದೆ. ನಾಮಿನಿ ಹಣದ ಒಡೆಯನಲ್ಲ. ಬ್ಯಾಂಕಿನಿಂದ ಪಡೆದು ಹಕ್ಕುಳ್ಳವರಿಗೆ ತಲುಪಿಸಬೇಕಾದವನು. ಸುಪ್ರೀಂ ಕೋರ್ಟು ಇದನ್ನು ಹಲವು ಬಾರಿ ಹೇಳಿದೆ. ಆದರೆ ಹಣ ಮೊದಲು ಅವನ ಕೈಗೇ ಹೋಗುವುದರಿಂದ ಜಗಳ ಅಲ್ಲಿಂದಲೇ ಶುರುವಾಗುತ್ತದೆ. ಬ್ಯಾಂಕ್ ಠೇವಣಿಗೆ ವ್ಯಕ್ತಿಯನ್ನು ಮಾತ್ರ ನಾಮಿನಿ ಮಾಡಬಹುದು, ಸಂಸ್ಥೆಯನ್ನಲ್ಲ. ಆದ್ದರಿಂದ ಉಯಿಲಿನ ನಿರ್ವಾಹಕರು ಯಾರೋ ಅವರನ್ನೇ ನಾಮಿನಿಯನ್ನಾಗಿ ಮಾಡಿ. 2025ರ ನವೆಂಬರಿನಿಂದ ನಾಲ್ವರವರೆಗೆ ನಾಮಿನಿಗಳನ್ನು ಹಾಕಬಹುದು. ನಿಮ್ಮ ವಿಷಯದಲ್ಲಿ ಒಬ್ಬರು, ಅವರ ನಂತರ ಇನ್ನೊಬ್ಬರು ಎಂದು ಕ್ರಮವಾಗಿ ಹಾಕಿದರೆ ಸಾಕು.

ಇನ್ನು ದತ್ತಿ. ನಮ್ಮ ಸಂಸ್ಥೆಯ ಕಪಾಟಿನಲ್ಲಿ ಎಷ್ಟೋ ಹಳೆಯ ದತ್ತಿಪತ್ರಗಳಿವೆ. ‘ನಮ್ಮ ತೀರ್ಥರೂಪರ ಸ್ಮರಣಾರ್ಥ, ಅಸಲನ್ನು ಎಂದೆಂದಿಗೂ ಮುಟ್ಟದೆ, ಬಡ್ಡಿಯಿಂದ ಕನ್ನಡದಲ್ಲಿ ಪ್ರಥಮ ಬಂದವರಿಗೆ ಬಹುಮಾನ.’ ಸಾವಿರ ರೂಪಾಯಿ ಒಬ್ಬ ಗುಮಾಸ್ತನ ಎಷ್ಟೋ ತಿಂಗಳ ಸಂಬಳವಾಗಿದ್ದ ಕಾಲದಲ್ಲಿ ಇಟ್ಟ ಸಾವಿರ ಅದು. ಇಂದು ಅದರ ವರ್ಷದ ಬಡ್ಡಿ ಅರವತ್ತು, ಎಪ್ಪತ್ತು ರೂಪಾಯಿ. ವಾರ್ಷಿಕೋತ್ಸವದಲ್ಲಿ ಹೆಸರು ಓದುತ್ತೇವೆ, ಮಗು ವೇದಿಕೆಗೆ ಬರುತ್ತದೆ, ಲಕೋಟೆಯಲ್ಲಿ ಒಂದು ಪೆನ್ನಿನ ಹಣವಿರುತ್ತದೆ. ಕೊಟ್ಟವರ ಮನಸ್ಸು ದೊಡ್ಡದಾಗಿತ್ತು. ‘ಎಂದೆಂದಿಗೂ ಮುಟ್ಟದೆ’ ಎಂಬ ಮಾತು ಆ ಮನಸ್ಸನ್ನು ಕಟ್ಟಿಹಾಕಿತು.

ನೀವು ಹಾಗೆ ಬರೆಯಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲೆಕ್ಕ ನೀವೇ ಹಾಕಿ, ಗಣಿತದ ಟೀಚರ್ ನೀವು. ಹತ್ತು ಲಕ್ಷ ಇಟ್ಟು ಶೇ. 6.5ರ ಬಡ್ಡಿ ಮಾತ್ರ ಖರ್ಚು ಮಾಡಿದರೆ ವರ್ಷಕ್ಕೆ 65,000. ಈ ವರ್ಷ ಅದರಲ್ಲಿ ಎಷ್ಟು ಹುಡುಗಿಯರಿಗೆ ನೆರವಾಗಬಹುದೋ, ಶುಲ್ಕಗಳು ಏರುತ್ತಾ ಹೋದಂತೆ ಆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಅದರ ಬದಲು ಅಸಲು, ಬಡ್ಡಿ ಸೇರಿಸಿ ಹದಿನೈದು ವರ್ಷಗಳಲ್ಲಿ ಪೂರ್ತಿ ಖರ್ಚು ಮಾಡಿ ಎಂದರೆ ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಹದಿನೈದು ವರ್ಷದ ನಂತರ ನಿಧಿ ಇರುವುದಿಲ್ಲ. ಆದರೆ ಓದು ಮುಗಿಸಿದ ಹುಡುಗಿಯರು ಇರುತ್ತಾರೆ, ಅವರ ಮಕ್ಕಳು ಇರುತ್ತಾರೆ.

ಉದ್ದೇಶವನ್ನೂ ತೀರಾ ಬಿಗಿಯಾಗಿ ಬರೆಯಬೇಡಿ. ನಿಮ್ಮದೇ ಊರಿನ ಉದಾಹರಣೆ ನೋಡಿ. ಇಪ್ಪತ್ತು ವರ್ಷದ ಹಿಂದೆ ಯಾರಾದರೂ ‘ಹಿನ್ನೀರಿನ ಹುಡುಗಿಯರ ಬಸ್ ಮತ್ತು ಲಾಂಚ್ ಖರ್ಚಿಗೆ’ ಎಂದು ಉಯಿಲು ಬರೆದಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಯಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಅಲ್ಲಿ ಲಾಂಚಿಗೆ ಕಾಯುವ ಕಷ್ಟವೂ ತಪ್ಪಿತು. ಹಣ ಮಾತ್ರ ಬ್ಯಾಂಕಿನಲ್ಲೇ ಇರುತ್ತಿತ್ತು, ಅದನ್ನು ಹಾಸ್ಟೆಲಿಗೆ ಬಳಸಬಹುದೇ ಎಂದು ಕೇಳಲು ಕೋರ್ಟಿಗೆ ಹೋಗಬೇಕಾಗುತ್ತಿತ್ತು. ‘ಮುಂದಿನ ಓದಿಗೆ ತಡೆಯಾಗಿರುವ ಯಾವುದೇ ಖರ್ಚು’ ಎಂದು ಬರೆದು, ತೀರ್ಮಾನವನ್ನು ಆ ಕಾಲದಲ್ಲಿ ಕುಳಿತವರಿಗೆ ಬಿಡಿ.

ಹೊಸ ಟ್ರಸ್ಟ್ ಬೇಡ. ಪ್ರತಿ ವರ್ಷ ಲೆಕ್ಕಪರಿಶೋಧನೆ, ಆದಾಯ ತೆರಿಗೆ ವಿವರ, ಕೆಲವು ವರ್ಷಗಳಿಗೊಮ್ಮೆ ತೆರಿಗೆ ವಿನಾಯಿತಿಯ ನೋಂದಣಿಯ ನವೀಕರಣ. ಇದನ್ನೆಲ್ಲ ಮಾಡುವವರು ನಿಮ್ಮ ನಂತರ ಯಾರು? ಈಗಾಗಲೇ ವಿದ್ಯಾರ್ಥಿವೇತನ ಕೊಡುತ್ತಿರುವ, ಲೆಕ್ಕ ತೋರಿಸುವ ಸಂಸ್ಥೆಯನ್ನು ಹುಡುಕಿ. ಕಳೆದ ಮೂರು ವರ್ಷದ ಲೆಕ್ಕಪತ್ರ ಕೊಡಿ ಎಂದು ಕೇಳಿ. ಸಂತೋಷದಿಂದ ಕೊಟ್ಟವರನ್ನು ನಂಬಿ.

ನನ್ನ ಸಮುದಾಯದವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಾದಾಯಕ್ಕೆ ಉಯಿಲು ಬರೆದರೆ, ಅದು ಸಾವಿಗೆ ಹನ್ನೆರಡು ತಿಂಗಳ ಮೊದಲೇ ಬರೆದದ್ದಾಗಿರಬೇಕು ಎಂಬ ಷರತ್ತು ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನಲ್ಲಿತ್ತು. ಅದನ್ನು ಸುಪ್ರೀಂ ಕೋರ್ಟು 2003ರಲ್ಲಿ ರದ್ದು ಮಾಡಿದೆ. ನಮ್ಮ ಕಡೆ ಇನ್ನೂ ಹಳೆಯ ಮಾತನ್ನೇ ಹೇಳುವ ಹಿರಿಯರಿದ್ದಾರೆ.

ಮೈಸೂರಿನವಳು

ಅಮ್ಮಾ, ನಾನು ವಕೀಲೆಯೂ ಅಲ್ಲ, ಲೆಕ್ಕದವಳೂ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಮ್ಮ ದೊಡ್ಡಮ್ಮ ಉಯಿಲಿನಲ್ಲಿ ಒಂದು ವೃದ್ಧಾಶ್ರಮಕ್ಕೆ ಹಣ ಬಿಟ್ಟಿದ್ದರು. ಬದುಕಿದ್ದಾಗ ಯಾರಿಗೂ ಹೇಳಿರಲಿಲ್ಲ. ವೈಕುಂಠ ಸಮಾರಾಧನೆಯ ಮಾರನೆಯ ದಿನ ಉಯಿಲು ಓದಿದಾಗ, ಅವರನ್ನು ಕೊನೆಯವರೆಗೆ ನೋಡಿಕೊಂಡಿದ್ದ ನನ್ನ ಅಣ್ಣನಿಗೆ ಹಣ ಕೈತಪ್ಪಿತೆಂಬುದಕ್ಕಿಂತ ತನಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂಬ ನೋವೇ ಹೆಚ್ಚಾಯಿತು. ಆ ನೋವು ಅನುಮಾನವಾಯಿತು, ಯಾರೋ ಬರೆಸಿಕೊಂಡಿದ್ದಾರೆ ಎಂಬ ಮಾತಾಯಿತು. ಜೊತೆಗೆ ಉಯಿಲಿನಲ್ಲಿದ್ದ ಹೆಸರಿನ ಆಶ್ರಮಗಳು ಎರಡು ಊರುಗಳಲ್ಲಿದ್ದವು. ಎರಡೂ ತಮ್ಮದೇ ಎಂದವು. ವಿಳಾಸವೊಂದನ್ನು ಬರೆದಿದ್ದರೆ ಆ ವ್ಯಾಜ್ಯವೇ ಇರುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಅಣ್ಣನ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ನೀವೇ ಹೇಳಿಬಿಡಿ. ಬೆಂಗಳೂರಿನವರಿಗೂ ಒಂದು ಮಾತು ತಿಳಿಸಿ. ಉಯಿಲಿನಲ್ಲೇ ‘ಇವರಿಗೆ ಇಷ್ಟು, ಇವರಿಗೆ ಏನೂ ಇಲ್ಲ, ಕಾರಣ ಇದು’ ಎಂದು ಪ್ರೀತಿಯಿಂದ ಎರಡು ಸಾಲು ಬರೆದರೆ ಓದುವವರ ಮನಸ್ಸು ತಣ್ಣಗಾಗುತ್ತದೆ.

ಲೆಸ್ಟರ್‌ನಿಂದ

ಹೊರದೇಶದಲ್ಲಿರುವ ಕನ್ನಡಿಗರಿಗಾಗಿ ಸ್ವಲ್ಪ. ಭಾರತದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ಹೋಯಿತು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 3,25,000 ಪೌಂಡಿಗಿಂತ ಮೇಲಿನ ಆಸ್ತಿಗೆ ಶೇ. 40 ತೆರಿಗೆ ಇದೆ. ದಾನಕ್ಕೆ ಬಿಟ್ಟ ಪಾಲಿಗೆ ತೆರಿಗೆ ಇಲ್ಲ, ನಿವ್ವಳ ಆಸ್ತಿಯ ಹತ್ತನೆಯ ಒಂದು ಭಾಗವನ್ನಾದರೂ ದಾನಕ್ಕೆ ಬಿಟ್ಟರೆ ಉಳಿದದ್ದರ ದರವೂ ಶೇ. 36ಕ್ಕೆ ಇಳಿಯುತ್ತದೆ. ಆದರೆ ಈ ವಿನಾಯಿತಿ ಇಲ್ಲಿಯ ಸಂಸ್ಥೆಗಳಿಗೆ ಮಾತ್ರ. ಊರಿನ ಟ್ರಸ್ಟಿಗೆ ನೇರವಾಗಿ ಬರೆದರೆ ಸಿಗುವುದಿಲ್ಲ.

ಇನ್ನೊಂದು ತೊಡಕು. ನಾವು ಬ್ರಿಟನ್ನಿನ ಪೌರರಾಗಿದ್ದರೆ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ನಮ್ಮ ಹಣ ಭಾರತದ ಕಾನೂನಿಗೆ ವಿದೇಶಿ ದೇಣಿಗೆಯೇ. ಅದನ್ನು ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಬರಬೇಕು. ಊರಿನ ಚಿಕ್ಕ ಸಂಸ್ಥೆಗಳಲ್ಲಿ ಹೆಚ್ಚಿನವಕ್ಕೆ ಅದು ಇರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇನ್ನೂ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಈ ತೊಡಕಿಲ್ಲ.

ನಿವೃತ್ತ ಶಿಕ್ಷಕಿ, ಸಾಗರ

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಾರಾಯಣಿ ದೇವಿಯವರ ಕತೆ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಅಣ್ಣನ ಮಕ್ಕಳಿಬ್ಬರಿಗೂ ಹೇಳಿದೆ. ಹುಡುಗ ತುಸು ಹೊತ್ತು ಮಾತನಾಡಲಿಲ್ಲ. ಆಮೇಲೆ, ಮನೆ ಮಾರುವಾಗ ಅಂಗಳದ ಹಲಸಿನ ಮರ ಕಡಿಯದವರಿಗೇ ಕೊಡಬೇಕು ಎಂದ. ಅಷ್ಟೇ ಅವನ ಷರತ್ತು. ಹುಡುಗಿ ನೇತ್ರ ಬ್ಯಾಂಕಿನ ನಮೂನೆ ತಂದಳು, ತನ್ನದನ್ನೂ ತುಂಬಿದಳು. ಬೆಂಗಳೂರಿನವರಿಗೆ ಕಾಗದ ಬರೆದಿದ್ದೇನೆ. ಠೇವಣಿಯ ನಾಮಿನಿ ಜಾಗದಲ್ಲಿ ಉಡುಪಿಯವರು ಹೇಳಿದಂತೆ ನನ್ನ ಪತಿಯ ಹೆಸರೇ ಇತ್ತು.

ಅಸಲನ್ನು ಖರ್ಚು ಮಾಡುವ ಮಾತು ಮೊದಲು ನನಗೆ ಹಿಡಿಸಲಿಲ್ಲ. ಕೂಡಿಟ್ಟು ಬದುಕಿದವಳಿಗೆ ಅಸಲು ಕರಗುವುದನ್ನು ಯೋಚಿಸುವುದೂ ಕಷ್ಟ. ಲೆಕ್ಕ ಹಾಕಿ ನೋಡಿದ ಮೇಲೆ ಒಪ್ಪಿದ್ದೇನೆ. ಅಷ್ಟೇ ಅಲ್ಲ, ಸಾಯುವವರೆಗೆ ಕಾಯುವುದೇಕೆ ಎಂದೂ ಅನ್ನಿಸಿತು. ಒಂದು ಠೇವಣಿ ಈ ಮೇ ತಿಂಗಳಲ್ಲಿ ಪಕ್ವವಾಗುತ್ತದೆ. ಅದರ ಬಡ್ಡಿಯನ್ನು ನಾನು ಆರಿಸಿದ ಸಂಸ್ಥೆಗೆ ಈಗಲೇ ಕೊಟ್ಟು, ಅವರು ಜೂನ್ ತಿಂಗಳಲ್ಲಿ ಹೇಗೆ ಹಂಚುತ್ತಾರೆ, ಯಾರನ್ನು ಆರಿಸುತ್ತಾರೆ ಎಂದು ಕಣ್ಣಾರೆ ನೋಡುತ್ತೇನೆ. ಸರಿ ಕಂಡರೆ ಅವರ ಹೆಸರು ಉಯಿಲಿನಲ್ಲಿ ಉಳಿಯುತ್ತದೆ.

ಕರಡಿನ ಮುಖ್ಯ ಭಾಗ ಹೀಗಿದೆ. ತಿದ್ದಿಕೊಡಿ:

‘ಸಾಗರದಲ್ಲಿರುವ ನನ್ನ ಮನೆಯನ್ನು ನಿರ್ವಾಹಕರು ನ್ಯಾಯವಾದ ಬೆಲೆಗೆ ಮಾರಬೇಕು. ಆ ಹಣವನ್ನೂ ನನ್ನ ಎಲ್ಲ ಠೇವಣಿಗಳನ್ನೂ, ಖರ್ಚು ಮತ್ತು ಸಾಲ ಕಳೆದು, ಮೇಲೆ ವಿವರಿಸಿದ ಸಂಸ್ಥೆಗೆ ಕೊಡಬೇಕು. ಶರಾವತಿ ಹಿನ್ನೀರಿನ ಪ್ರದೇಶದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರು ಪಿಯುಸಿ ಓದುವುದಕ್ಕೆ ತಡೆಯಾಗಿರುವ ಯಾವುದೇ ಖರ್ಚಿಗೆ ಇದನ್ನು ಬಳಸಬೇಕು. ಅಸಲನ್ನೂ ಬಳಸಬಹುದು, ಹದಿನೈದು ವರ್ಷಗಳಲ್ಲಿ ಪೂರ್ತಿ ಖರ್ಚಾದರೆ ನನಗೆ ಸಂತೋಷ. ಆರಿಸುವಾಗ ಅಂಕಕ್ಕಿಂತ ಅಗತ್ಯವನ್ನು ನೋಡಬೇಕು. ನನ್ನ ಹೆಸರಿನ ಫಲಕ, ಸಮಾರಂಭ ಬೇಡ.’

ಸಿವಿಲ್ ವಕೀಲ, ಹುಬ್ಬಳ್ಳಿ

ಅಕ್ಕನವರೇ, ಇದರಲ್ಲಿ ತಿದ್ದುವುದು ಹೆಚ್ಚಿಲ್ಲ. ‘ಪಿಯುಸಿ’ ಎಂಬಲ್ಲಿ ‘ಪಿಯುಸಿ, ಡಿಪ್ಲೊಮಾ, ಐಟಿಐ ಅಥವಾ ಹತ್ತನೆಯ ತರಗತಿಯ ನಂತರದ ಯಾವುದೇ ಶಿಕ್ಷಣ’ ಎಂದು ಮಾಡಿ. ‘ಹಿನ್ನೀರಿನ ಪ್ರದೇಶ’ ಎಂಬುದಕ್ಕೆ ತಾಲ್ಲೂಕಿನ ಹೆಸರು ಹಾಕಿ, ಅಲ್ಲಿ ಅರ್ಹರು ಸಿಗದ ವರ್ಷ ಶಿವಮೊಗ್ಗ ಜಿಲ್ಲೆಯ ಇತರ ಹುಡುಗಿಯರಿಗೆ ಕೊಡಬಹುದು ಎಂದು ಸೇರಿಸಿ. ಎರಡನೆಯ ಸಂಸ್ಥೆಯ ಹೆಸರು ಕರಡಿನಲ್ಲಿ ಕಾಣುತ್ತಿಲ್ಲ, ಬರೆಯಿರಿ. ನಿರ್ವಾಹಕರಿಗೂ ಒಬ್ಬ ಬದಲಿ ಇರಲಿ. ಹಲಸಿನ ಮರದ ಮಾತನ್ನು ಷರತ್ತಾಗಿ ಹಾಕಬೇಡಿ, ಮನೆ ಮಾರಾಟವಾಗುವುದಿಲ್ಲ. ‘ನನ್ನ ಕೋರಿಕೆ’ ಎಂದು ಬರೆಯಬಹುದು. ಪ್ರತಿ ಪುಟಕ್ಕೂ ಸಹಿ ಹಾಕಿ. ಸಹಿ ಹಾಕುವ ದಿನ ನಿಮ್ಮನ್ನು ನೋಡುವ ವೈದ್ಯರಿಂದ ‘ಮನಸ್ಸು ಸ್ವಸ್ಥವಾಗಿದೆ’ ಎಂಬ ಪತ್ರ ಪಡೆದು ಅದನ್ನೂ ಉಯಿಲಿನ ಜೊತೆಗೇ ಇಡಿ.